ಜೂಮ್ ಎಷ್ಟು ಅಂತ ಮಾತ್ರ ಕೇಳಿ ಕ್ಯಾಮೆರಾ ಕೊಳ್ಳಬೇಡಿ

ರಾತ್ರಿಯ ಯಕ್ಷಗಾನ, ಮದುವೆ ಮನೆಯ ಆರತಕ್ಷತೆ, ಮಕ್ಕಳ ಶಾಲೆಯ ವಾರ್ಷಿಕೋತ್ಸವ. ಇಂಥದ್ದರ ಫೋಟೋ ತೆಗೆಯಲಿಕ್ಕೆ ಸೂಪರ್‌ಜೂಮ್ ಕ್ಯಾಮೆರಾ, ಅಂದರೆ ಬಹಳ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಕ್ಯಾಮೆರಾ, ಕೊಳ್ಳುವ ಯೋಚನೆ ನಿಮಗಿದ್ದರೆ, ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ನನಗೆ ಹೋದದ್ದು ಮತ್ತೆ ಬಾರದ ಒಂದು ರಾತ್ರಿ.

ನನ್ನ ಸೋದರಮಾವ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವರು. ಮೂವತ್ತು ವರ್ಷಕ್ಕೂ ಮಿಕ್ಕಿ ಮೇಳದಲ್ಲಿ ತಿರುಗಾಟ ಮಾಡಿದವರು. ಮಂಡಿನೋವು ಜಾಸ್ತಿಯಾಗಿ, "ಈ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದಿಲ್ಲ" ಅಂದರು. ಪತ್ತನಾಜೆ ನಮ್ಮ ಕಡೆ ಮೇ ತಿಂಗಳ ಕೊನೆಯ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಮೇಳಗಳ ಆ ವರ್ಷದ ತಿರುಗಾಟ ಮುಗಿಯಿತು. ಇಷ್ಟು ವರ್ಷ ವೇಷ ಮಾಡಿದ ಮನುಷ್ಯನ ಒಂದು ಒಳ್ಳೆಯ ಫೋಟೋ ಮನೆಯಲ್ಲಿ ಇರಲಿಲ್ಲ. ಇದ್ದದ್ದು ಯಾರೋ ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಮಸುಕು ಚಿತ್ರಗಳು. ನಮ್ಮೂರಿನ ಹರಕೆ ಆಟದಲ್ಲಿ (ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅನ್ನುತ್ತೇವೆ) ಅವರ ವೇಷವನ್ನು ಚೆನ್ನಾಗಿ ಹಿಡಿಯಬೇಕು, ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿ ಸನ್ಮಾನದ ದಿನ ಕೊಡಬೇಕು ಅಂತ ಆಸೆಪಟ್ಟೆ. ಅದಕ್ಕಾಗಿಯೇ ಕ್ಯಾಮೆರಾ ಕೊಳ್ಳಲು ಹೊರಟೆ.

ಪೇಟೆಯ ಅಂಗಡಿಯಲ್ಲಿ ಎರಡು ಕ್ಯಾಮೆರಾ ಮೇಜಿನ ಮೇಲೆ ಇಟ್ಟರು. ಒಂದು ದೊಡ್ಡದು. ಕೈಗೆ ಒಳ್ಳೆಯ ಹಿಡಿ, ಮುಂದೆ ದಪ್ಪ ಲೆನ್ಸು, ನೋಡಿದರೆ ಸ್ಟುಡಿಯೋದವರ ಕ್ಯಾಮೆರಾದ ಹಾಗೆ. ಅರವತ್ತು ಪಟ್ಟಿಗೂ ಮೇಲಿನ ಜೂಮ್. ಇನ್ನೊಂದು ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣದು. ಜೂಮ್ ಮೂರು ಪಟ್ಟು ಸಹ ಇಲ್ಲ. ಬೆಲೆ ನೋಡಿದರೆ ಸಣ್ಣದಕ್ಕೇ ಜಾಸ್ತಿ! ಅಂಗಡಿಯವರು ನನ್ನನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ರಸ್ತೆಯಾಚೆಯ ತೆಂಗಿನ ಮರ ತೋರಿಸಿದರು. ಜೂಮ್ ಎಳೆದರೆ ಎಳನೀರಿನ ತೊಟ್ಟು ಕಾಣಿಸಿತು. "ಆಟಕ್ಕೆ ಇದೇ ಬೆಸ್ಟ್. ಎಲ್ಲಿ ಕೂತರೂ ಮುಖ ಸಿಗ್ತದೆ" ಅಂದರು. ಮಧ್ಯಾಹ್ನ ಹನ್ನೆರಡರ ಬಿಸಿಲು. ಆ ಬಿಸಿಲಿನಲ್ಲಿ ನೋಡಿದ್ದನ್ನೇ ನಂಬಿ ನಾನು ದೊಡ್ಡದನ್ನು ತಂದೆ.

ಆಟದ ದಿನ ನಾನು ವೇಷ ಕಟ್ಟುವ ಚೌಕಿಗೆ ಹೋಗಿದ್ದೆ. ಮಾವ ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ನೋಡದವರಿಗೆ ಹೇಳುತ್ತೇನೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ, ಮುಖದ ಮೇಲೆ ಒಂದೊಂದೇ ಚುಕ್ಕಿ ಮುಳ್ಳಿನ ಹಾಗೆ ಎದ್ದು ನಿಲ್ಲುವಂತೆ ಇಡುತ್ತಾ ಹೋಗುವುದು. ಗಂಟೆಗಟ್ಟಲೆ ಕೆಲಸ. ಮಾತಾಡಬಾರದು, ನಗಬಾರದು. ಬೆಳಗಾದ ಮೇಲೆ ತೊಳೆದರೆ ಹೋಯಿತು. ಬಣ್ಣದ ವೇಷದ ಫೋಟೋ ಅಂದರೆ ಆ ಚುಟ್ಟಿ ಕಾಣಬೇಕು. ಅದು ಕಾಣದಿದ್ದರೆ ಆ ಫೋಟೋದಲ್ಲಿ ಏನೂ ಇಲ್ಲ.

ಕ್ಯಾಮೆರಾದ ಮೇಲೆ ನಂಬಿಕೆ ಇಟ್ಟು ನಾನು ಹಿಂದಿನ ಸಾಲಿನಲ್ಲಿ ಕೂತೆ. ರಂಗಕ್ಕೆ ನಲವತ್ತು ಮೀಟರ್ ಇರಬಹುದು. ನಡುರಾತ್ರಿ ಕಳೆದ ಮೇಲೆ ಮಾವನ ಪ್ರವೇಶ. ಸಭೆಯ ಹಿಂದಿನಿಂದ, ಜನರ ನಡುವೆ, ಎರಡೂ ಕಡೆ ದೊಂದಿ. ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲ್ಲೆಂದು ಏಳುತ್ತದೆ. ಚೆಂಡೆ ಏರುತ್ತಿದೆ. ನಾನು ಜೂಮ್ ಎಳೆದು ಬಟನ್ ಒತ್ತಿದೆ. ಫೋಕಸ್ ಹಿಂದೆ ಮುಂದೆ ಹೋಯಿತು, ಮತ್ತೆ ಹಿಂದೆ ಮುಂದೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಅದು ನಿಲ್ಲುವಾಗ ಮಾವ ರಂಗದ ಮೇಲೆ ಇದ್ದರು. ಅಲ್ಲಿಂದ ಬೆಳಗಿನವರೆಗೆ ಮುನ್ನೂರಕ್ಕೂ ಮಿಕ್ಕಿ ಫೋಟೋ ತೆಗೆದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ಇದನ್ನು ನೆನಪಿಡಿ. ಅಷ್ಟು ಸಣ್ಣ ಪರದೆಯಲ್ಲಿ ಯಾವ ಫೋಟೋವೂ ಚೆನ್ನಾಗಿಯೇ ಕಾಣುತ್ತದೆ.

ಕಂಪ್ಯೂಟರಿಗೆ ಹಾಕಿ ನೋಡಿದಾಗ ಎದೆ ಧಸಕ್ಕೆಂದಿತು. ಒಂದೊಂದೇ ಆಗಿ ಇಟ್ಟ ಚುಟ್ಟಿಯ ಚುಕ್ಕಿಗಳು ಇಲ್ಲವೇ ಇಲ್ಲ. ಕೆನ್ನೆಯ ಮೇಲೆ ಬಿಳಿ ಸುಣ್ಣ ಬಳಿದ ಹಾಗೆ ಒಂದು ಪಟ್ಟಿ. ಕಿರೀಟದ ಕುಸುರಿ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಕೈಗಳು ಕುಣಿತದಲ್ಲಿ ಕರಗಿಹೋಗಿವೆ. ಆದರೂ ಒಂದನ್ನು ಆರಿಸಿ, 12 ಇಂಚಿಗೆ 18 ಇಂಚು ಮಾಡಿಸೋಣ ಅಂತ ಸ್ಟುಡಿಯೋಗೆ ಹೋದೆ. ಅವರು ನೋಡಿ, ಬೇಜಾರಿನಲ್ಲೇ, "ಇದು ದೊಡ್ಡದು ಮಾಡಿದರೆ ನಿಲ್ಲುವುದಿಲ್ಲ ಮಾರಾಯ್ರೆ" ಅಂದರು.

ನಾನು ಕ್ಯಾಮೆರಾ ಹಾಳಾಗಿದೆ ಅಂದುಕೊಂಡಿದ್ದೆ. ಹಾಳಾಗಿರಲಿಲ್ಲ. ಅದು ಇರುವುದೇ ಹಾಗೆ. ಅದನ್ನು ಅರ್ಥ ಮಾಡಿಕೊಳ್ಳಲು ಹಲವು ವಾರ ಓದಬೇಕಾಯಿತು. ಕೊಳ್ಳುವ ಮುಂಚೆ ಓದಿದ್ದರೆ ಎಷ್ಟು ಚೆನ್ನಾಗಿತ್ತು. ನಿಮಗಾದರೂ ಉಪಯೋಗ ಆಗಲಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಲೆನ್ಸಿನ ಹಿಂದೆ ಬೆಳಕು ಬಂದು ಬೀಳುವ ಚಿಪ್ ಇರುತ್ತದೆ. ಅದೇ ಸೆನ್ಸರ್. ನನ್ನ ಕ್ಯಾಮೆರಾದಂಥ ಹೆಚ್ಚಿನ ಸೂಪರ್‌ಜೂಮ್‌ಗಳಲ್ಲಿ ಅದರ ಅಳತೆಯನ್ನು 1/2.3 ಇಂಚು ಅಂತ ಬರೆದಿರುತ್ತಾರೆ. ನಿಜವಾದ ಅಳತೆ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಒಂದು ತೊಗರಿ ಕಾಳಿನಷ್ಟು! ಆ ಕಿಸೆ ಕ್ಯಾಮೆರಾದ ಸೆನ್ಸರ್ 1 ಇಂಚಿನದ್ದು. ಹೆಸರಿಗೆ 1 ಇಂಚು, ನಿಜಕ್ಕೆ 13.2ಕ್ಕೆ 8.8 ಮಿಲಿಮೀಟರ್. ಹುಣಸೆ ಬೀಜದಷ್ಟು ಅನ್ನಿ. ಇಂಚಿನ ಈ ಲೆಕ್ಕ ಹಳೆಯ ಟೀವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಕಾಲದಿಂದ ಉಳಿದುಕೊಂಡದ್ದು, ಅಳತೆಪಟ್ಟಿ ಇಟ್ಟರೆ ತಾಳೆ ಆಗುವುದಿಲ್ಲ. ಮುಖ್ಯ ಏನೆಂದರೆ, ಹುಣಸೆ ಬೀಜದ ಹರವು ತೊಗರಿ ಕಾಳಿನ ನಾಲ್ಕು ಪಟ್ಟು. ಮಳೆಗೆ ಚೊಂಬು ಇಡುವುದಕ್ಕೂ ಕೊಪ್ಪರಿಗೆ ಇಡುವುದಕ್ಕೂ ಇರುವಂಥ ವ್ಯತ್ಯಾಸ.

ಹಾಗಾದರೆ ಸೂಪರ್‌ಜೂಮ್‌ಗೆ ಯಾಕೆ ಅಷ್ಟು ಸಣ್ಣ ಸೆನ್ಸರ್ ಹಾಕುತ್ತಾರೆ? ಮೋಸಕ್ಕಲ್ಲ. ಸಣ್ಣ ಸೆನ್ಸರ್ ಇದ್ದರೆ ಮಾತ್ರ ಅಷ್ಟು ದೂರದ ಜೂಮ್ ಕೈಯಲ್ಲಿ ಹಿಡಿಯುವ ಗಾತ್ರದಲ್ಲಿ ಬರುತ್ತದೆ. 2015ರಲ್ಲಿ ಬಂದ ನಿಕಾನ್ ಪಿ900 ತೆಗೆದುಕೊಳ್ಳಿ. 83 ಪಟ್ಟು ಜೂಮ್, 24ರಿಂದ 2000 ಎಂಎಂ ಅಂತ ಬರೆದಿದೆ. ಈ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆದರೆ ಆ ಲೆನ್ಸಿನ ನಿಜವಾದ ನಾಭಿದೂರ (ಫೋಕಲ್ ಲೆಂತ್) 357 ಎಂಎಂ ಮಾತ್ರ. ಸೆನ್ಸರ್ ಸಣ್ಣದಾದ್ದರಿಂದ ಅದು 2000ದ ಕೆಲಸ ಮಾಡುತ್ತದೆ. 2018ರ ಪಿ1000 ಇನ್ನೂ ಮುಂದೆ ಹೋಗಿ 125 ಪಟ್ಟು ಮಾಡಿತು. ಚಂದ್ರನ ಗುಳಿಗಳನ್ನು ಮನೆಯ ಟೆರೇಸಿನಿಂದ ತೋರಿಸುವ ಕ್ಯಾಮೆರಾಗಳು ಇವು. ಆ ಕೆಲಸಕ್ಕೆ ಬಹಳ ಒಳ್ಳೆಯವು. ಚಂದ್ರನಿಗೆ ಬೆಳಕಿದೆ ಅಲ್ವಾ, ಅವನು ಕುಣಿಯುವುದೂ ಇಲ್ಲ.

ಇನ್ನು ಎರಡನೇ ವಿಷಯ. ನನ್ನ ಕೆಲಸ ಕೆಟ್ಟದ್ದು ಹೆಚ್ಚಾಗಿ ಇದರಿಂದಲೇ. ನನ್ನ ಕ್ಯಾಮೆರಾದ ಲೆನ್ಸಿನ ಮೇಲೆ ಎಫ್ 3.4-6.5 ಅಂತ ಬರೆದಿದೆ. ಮೊದಲನೆಯದು ಜೂಮ್ ಮಾಡದೆ ಇರುವಾಗಿನದ್ದು. ಎರಡನೆಯದು ಪೂರ್ತಿ ಜೂಮ್ ಎಳೆದಾಗಿನದ್ದು. ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಮ್ಮಿ. ಆ ಕಿಸೆ ಕ್ಯಾಮೆರಾದ ಲೆನ್ಸು ಎಫ್ 1.8-2.8. ಎಫ್ 2.8ಕ್ಕೆ ಹೋಲಿಸಿದರೆ ಎಫ್ 6.5ರಲ್ಲಿ ಬರುವುದು ಹೆಚ್ಚುಕಮ್ಮಿ ಐದನೇ ಒಂದು ಭಾಗ ಬೆಳಕು. ಸೆನ್ಸರ್ ನಾಲ್ಕನೇ ಒಂದು ಪಾಲು, ಅದರ ಮೇಲೆ ಬೆಳಕು ಐದನೇ ಒಂದು ಪಾಲು. ಎರಡನ್ನೂ ಗುಣಿಸಿ ನೋಡಿ. ಇಪ್ಪತ್ತು ಪಟ್ಟಿನ ವ್ಯತ್ಯಾಸ.

ನನ್ನ ಫೋಟೋಗಳ ವಿವರ ತೆಗೆದು ನೋಡಿದೆ. ಐಎಸ್‌ಒ (ಕಮ್ಮಿ ಬೆಳಕನ್ನು ಕ್ಯಾಮೆರಾ ಎಷ್ಟು ಏರಿಸಿಕೊಳ್ಳುತ್ತದೆ ಅನ್ನುವ ಅಂಕಿ) 3200, ಶಟರ್ ತೆರೆದಿದ್ದದ್ದು ಸೆಕೆಂಡಿನ ಮೂವತ್ತನೇ ಒಂದು ಭಾಗ. ಕುಣಿಯುವ ಕೈಕಾಲು ಅಷ್ಟರಲ್ಲಿ ನಿಲ್ಲುವುದಿಲ್ಲ. ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ನಿಜ. ಅದು ನನ್ನ ಕೈ ನಡುಗುವುದನ್ನು ತಡೆಯುತ್ತದೆ. ಮಾವ ಕುಣಿಯುವುದನ್ನು ತಡೆಯಲಾರದು. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಮರುಳಾಗಬೇಡಿ.

ಮತ್ತೆ ಚುಟ್ಟಿ ಎಲ್ಲಿ ಹೋಯಿತು? ಕಮ್ಮಿ ಬೆಳಕಿನಲ್ಲಿ ಸಣ್ಣ ಸೆನ್ಸರ್ ಫೋಟೋದ ತುಂಬ ಮರಳು ಚೆಲ್ಲಿದ ಹಾಗೆ ಚುಕ್ಕಿ ಬೀಳಿಸುತ್ತದೆ. ಅದನ್ನು ಮುಚ್ಚಲು ಕ್ಯಾಮೆರಾ ತಾನೇ ಒಳಗೆ ನಯ ಮಾಡುತ್ತದೆ. ಹಾಗೆ ನಯ ಮಾಡುವಾಗ ಅದಕ್ಕೆ ಮರಳಿನ ಚುಕ್ಕಿ ಯಾವುದು, ಚುಟ್ಟಿಯ ಚುಕ್ಕಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒರೆಸಿಬಿಡುತ್ತದೆ. ಹಾಗೆ ನಯ ಮಾಡುವ ಮುಂಚಿನ ಕಚ್ಚಾ ಫೋಟೋ, ಅಂದರೆ ರಾ ಫೈಲ್, ಇದ್ದಿದ್ದರೆ ಕಂಪ್ಯೂಟರಿನಲ್ಲಿ ಸ್ವಲ್ಪ ಉಳಿಸಿಕೊಳ್ಳಬಹುದಿತ್ತು. ನನ್ನ ಕ್ಯಾಮೆರಾ ನಯ ಮಾಡಿ ಮುಗಿಸಿದ ಜೆಪೆಗ್ ಮಾತ್ರ ಕೊಡುತ್ತದೆ. ಎಷ್ಟೋ ಸೂಪರ್‌ಜೂಮ್‌ಗಳು ಹಾಗೆಯೇ. ನಿಕಾನ್ ಪಿ900ರಲ್ಲೂ ರಾ ಇರಲಿಲ್ಲ, ಪಿ1000ದಲ್ಲಿ ಬಂತು. ಕೊಳ್ಳುವಾಗ ಇದೊಂದನ್ನು ಕೇಳಲೇಬೇಕು.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದರಲ್ಲೂ ಸಾಕಷ್ಟು ಇದ್ದವು. 12-18 ಇಂಚಿನ ಪ್ರಿಂಟಿಗೆ ಅವು ಸಾಲುತ್ತವೆ. ಕೊರತೆ ಆದದ್ದು ಬೆಳಕು.

ಆವತ್ತು ನಮ್ಮ ಪಕ್ಕದ ಮನೆಯ ಹುಡುಗ ಮೂರನೇ ಸಾಲಿನಲ್ಲಿ ಚಾಪೆ ಹಾಕಿ ಕೂತಿದ್ದ. ಅವನ ಕೈಯಲ್ಲಿ ಇದ್ದದ್ದು ನಾನು ಅಂಗಡಿಯಲ್ಲಿ ಬಿಟ್ಟು ಬಂದ ಜಾತಿಯದ್ದೇ ಕಿಸೆ ಕ್ಯಾಮೆರಾ. ಜೂಮ್ ಹೆಚ್ಚಿಲ್ಲದ ಕಾರಣ ಅವನು ಹತ್ತಿರ ಕೂರಲೇಬೇಕಾಗಿತ್ತು. ಅವನ ಒಂದು ಫೋಟೋವನ್ನು ನನ್ನದರ ಪಕ್ಕ ಇಟ್ಟು ನೋಡಿದೆ. ಅದೇ ಬೆಳಕು, ಅದೇ ಐಎಸ್‌ಒ 3200. ಆದರೆ ಅವನ ಶಟರ್ ಸೆಕೆಂಡಿನ 160ನೇ ಒಂದು ಭಾಗ. ಚುಟ್ಟಿಯ ಸಾಲು ಎಣಿಸಬಹುದು. ಬೆವರು ಇಳಿದು ಬಣ್ಣ ಸ್ವಲ್ಪ ಕದಡಿದ್ದು ಸಹ ಕಾಣುತ್ತದೆ. ಸೊಂಟದಿಂದ ಮೇಲಿನ ಭಾಗ ಮಾತ್ರ ಕತ್ತರಿಸಿಕೊಂಡರೂ ಪ್ರಿಂಟ್ ಚೆನ್ನಾಗಿ ಬಂತು. ಸನ್ಮಾನದ ದಿನ ಮಾವನಿಗೆ ಕೊಟ್ಟದ್ದು ಅದನ್ನೇ. ಕೊಡುವಾಗ ಸಂತೋಷ ಆಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ಅವನ ಹತ್ತಿರ ಬೇರೆ ಹೆಚ್ಚು ಇರಲಿಲ್ಲ. ಅವನು ಆಟ ನೋಡಲು ಬಂದವನು. ಮಾವನ ದೊಂದಿ ಬೆಳಕಿನ ಪ್ರವೇಶ ಯಾರ ಹತ್ತಿರವೂ ಇಲ್ಲ.

ಸೂಪರ್‌ಜೂಮ್ ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನದನ್ನು ಮಾರಿಲ್ಲ. ಬೆಳಿಗ್ಗೆ ಹೊಳೆ ಬದಿಗೆ ಹೋದರೆ ಆಚೆ ದಡದ ಮೀನುಚುಳ್ಳಿಯ ಕೊಕ್ಕಿನಲ್ಲಿರುವ ಮೀನು ಸಹ ಕಾಣುವ ಹಾಗೆ ಫೋಟೋ ಬರುತ್ತದೆ. ಕಿಸೆ ಕ್ಯಾಮೆರಾದಲ್ಲಿ ಆ ಹಕ್ಕಿ ಒಂದು ನೀಲಿ ಚುಕ್ಕಿ ಅಷ್ಟೆ. ರಂಗನತಿಟ್ಟಿಗೆ ದೋಣಿಯಲ್ಲಿ ಹೋಗುವವರಿಗೆ, ಹಗಲಿನ ಹಕ್ಕಿ ನೋಡುವವರಿಗೆ, ಚಂದ್ರನನ್ನು ಇಷ್ಟಪಡುವವರಿಗೆ ಅದು ಸರಿಯಾದ ಸಾಮಾನು. ಅಲ್ಲೂ ಒಂದು ಮಾತು. ಮಧ್ಯಾಹ್ನದ ಬಿಸಿಲಲ್ಲಿ ಬಹಳ ದೂರ ಜೂಮ್ ಮಾಡಿದರೆ ನೆಲದ ಬಿಸಿ ಗಾಳಿ ನಡುಗಿ ಫೋಟೋ ಅಲೆಅಲೆಯಾಗುತ್ತದೆ. ಅದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಬೆಳಿಗ್ಗೆಯೇ ಹೋಗಿ.

ಎರಡೂ ಬೇಕು ಅನ್ನುವವರಿಗೆ ನಡುವಿನ ದಾರಿ ಒಂದಿದೆ. 1 ಇಂಚಿನ ಸೆನ್ಸರ್ ಇಟ್ಟು ಉದ್ದ ಜೂಮ್ ಕೊಟ್ಟ ಕ್ಯಾಮೆರಾಗಳು. 2014ರ ಪ್ಯಾನಸೋನಿಕ್ ಎಫ್‌ಝಡ್1000ದಲ್ಲಿ 25ರಿಂದ 400 ಎಂಎಂ, ಎಫ್ 2.8-4. ಸೋನಿ ಆರ್‌ಎಕ್ಸ್10ರ ನಾಲ್ಕನೆಯದ್ದು 2017ರಲ್ಲಿ ಬಂತು, 24ರಿಂದ 600 ಎಂಎಂ, ಎಫ್ 2.4-4. ಜೂಮ್ 16, 25 ಪಟ್ಟು ಅಂತ ಕೇಳಿದರೆ ಕಮ್ಮಿ ಅನ್ನಿಸಬಹುದು. ರಾತ್ರಿಯ ಕೆಲಸಕ್ಕೆ ಆ ಅರವತ್ತಕ್ಕಿಂತ ಈ ಹದಿನಾರೇ ಹೆಚ್ಚು ಪ್ರಯೋಜನದ್ದು. ಆದರೆ ಅವು ಭಾರ, ಬೆಲೆಯೂ ಜಾಸ್ತಿ. ಆ ನಾಲ್ಕನೆಯ ಆರ್‌ಎಕ್ಸ್10 ಒಂದು ಕಿಲೋಗಿಂತ ಮೇಲೆ ತೂಗುತ್ತದೆ.

ಇನ್ನೊಂದು ಕಡೆ ಎಚ್ಚರ ಇರಲಿ. ಕಿಸೆಯಲ್ಲಿ ಹಿಡಿಯುವ ಎಲ್ಲ ಕ್ಯಾಮೆರಾಗಳಲ್ಲೂ ದೊಡ್ಡ ಸೆನ್ಸರ್ ಇರುವುದಿಲ್ಲ. ನೋಡಲಿಕ್ಕೆ ಒಂದೇ ಥರ ಇದ್ದು, ಮೂವತ್ತು ನಲವತ್ತು ಪಟ್ಟು ಜೂಮ್ ಇರುವವು ಬರುತ್ತವೆ. ಅವುಗಳ ಒಳಗೆ ಇರುವುದು ಅದೇ ತೊಗರಿ ಕಾಳು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಸೆನ್ಸರಿನ ಅಳತೆ ಇರುತ್ತದೆ, ಹುಡುಕಿ ಓದಿ. ಡಿಜಿಟಲ್ ಜೂಮ್ ಸೇರಿಸಿ ಹೇಳುವ ಅಂಕಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಅದು ಬರೀ ಫೋಟೋವನ್ನು ಕತ್ತರಿಸಿ ಹಿಗ್ಗಿಸುವುದು.

ಈಗಾಗಲೇ ಸೂಪರ್‌ಜೂಮ್ ಕೊಂಡಿದ್ದು, ಮುಂದಿನ ವಾರವೇ ಮನೆಯಲ್ಲಿ ಕಾರ್ಯಕ್ರಮ ಇದ್ದರೆ ಗಾಬರಿ ಬೇಡ. ನಾನು ಮಾಡಿದ ದೊಡ್ಡ ತಪ್ಪು ಹಿಂದೆ ಕೂತದ್ದು. ಬೇಗ ಹೋಗಿ ಮುಂದೆ ಕೂರಿ, ಜೂಮ್ ಮುಟ್ಟಬೇಡಿ. ನನ್ನದರಂಥ ಕ್ಯಾಮೆರಾ ಆದರೆ ಆಗ ಎಫ್ 3.4 ಸಿಗುತ್ತದೆ, ಪೂರ್ತಿ ಎಳೆದಾಗಿನ ಮೂರೂವರೆ ಪಟ್ಟು ಬೆಳಕು. ಕುಣಿತದ ನಡುವೆ ಪಾತ್ರಧಾರಿ ಅರ್ಥ ಹೇಳಲು ನಿಲ್ಲುವ ಗಳಿಗೆಗೆ ಕಾಯಿರಿ. ಇದನ್ನು ನನಗೆ ಆವತ್ತು ಯಾರಾದರೂ ಹೇಳಿದ್ದರೆ ಕೈಯಲ್ಲಿದ್ದ ಕ್ಯಾಮೆರಾದಲ್ಲೇ ನಾಲ್ಕು ಫೋಟೋ ಉಳಿಯುತ್ತಿತ್ತು.

ಕೊಳ್ಳಲು ಹೊರಟವರು ನಿಮ್ಮದೇ ಮೆಮೊರಿ ಕಾರ್ಡ್ ತೆಗೆದುಕೊಂಡು ಹೋಗಿ, ಆದಷ್ಟೂ ಸಂಜೆ ಕತ್ತಲಾದ ಮೇಲೆ. ಬಾಗಿಲ ಹೊರಗಿನ ತೆಂಗಿನ ಮರ ಬೇಡ. ಅಂಗಡಿಯ ಒಳಗೆ ದೀಪ ಕಮ್ಮಿ ಇರುವ ಮೂಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೈ ಬೀಸಲು ಹೇಳಿ. ನೀವು ಮುಂದೆ ಎಷ್ಟು ದೂರದಿಂದ ತೆಗೆಯಬೇಕಾಗುತ್ತದೋ ಅಷ್ಟು ಜೂಮ್ ಹಾಕಿ ಹತ್ತು ಫೋಟೋ ತೆಗೆಯಿರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಆ ಕೈಯ ಬೆರಳು, ಅಂಗಿಯ ಚೌಕುಳಿ ಕಾಣುತ್ತವೋ ನೋಡಿ. ಆಮೇಲೆ ದುಡ್ಡು ಕೊಡಿ. ಕಾರ್ಡ್ ಹಾಕಲು ಬಿಡುವುದಿಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.