ಎಂಜಿನ್ ಬದಲಿಸಿದ ಕಾರಿನ ಕ್ಲಚ್: ಏರ್ ತೆಗೆಯುವ ದಾರಿಗಳಲ್ಲಿ ಯಾವುದು ಗೆಲ್ಲುತ್ತದೆ

ಮಾಜ್ಡಾ ಎಂಎಕ್ಸ್-5ರಂಥ ಪುಟ್ಟ ಕಾರಿಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಎಂಜಿನ್ನು, ಟಿ56 ಗೇರ್‌ಬಾಕ್ಸು ಕೂರಿಸಿದ ಮೇಲೆ ಪೆಡಲ್ ಮೆತ್ತಗಾಗಿ ಗೇರ್ ಕರಕರ ಅನ್ನತೊಡಗಿದರೆ ಎಲ್ಲರೂ ಮೊದಲು ಬೈಯುವುದು ಕ್ಲಚ್ಚಿನ ಆಯಿಲ್ (ಬ್ರೇಕ್ ಆಯಿಲ್) ಒಳಗೆ ಸಿಕ್ಕ ಗಾಳಿಯನ್ನು. ಏರ್ ತೆಗೆಯುವ ಎಲ್ಲ ವಿಧಾನಗಳನ್ನೂ ಇದೇ ಜೋಡಣೆಯ ಮೇಲೆ ಹೋಲಿಸಿ ನೋಡಿದ್ದೇವೆ. ಆದರೆ ಆ ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡು ಪರೀಕ್ಷೆ ಆಗಲೇಬೇಕು.

ಮೊದಲನೆಯದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಪೈಪ್ ಬಿಚ್ಚಿ, ಆ ಬಾಯಿಗೆ ಲೋಹದ ಪ್ಲಗ್ ಬಿಗಿದು ಪೆಡಲ್ ಒತ್ತಿ. ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಮಾಸ್ಟರ್ ಸರಿಯಿದೆ, ತೊಂದರೆ ಪೈಪಿನಲ್ಲೋ, ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನಲ್ಲೋ ಇದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತ ಹೋದರೆ ಒಳಗಿನ ಸೀಲ್ ಸೋರುತ್ತಿದೆ. ಎಷ್ಟು ಏರ್ ತೆಗೆದರೂ ವ್ಯರ್ಥ.

ಎರಡನೆಯದು ಲೆಕ್ಕ. ಎಂಎಕ್ಸ್-5ರ ಮೂಲ ಮಾಸ್ಟರ್ 5/8 ಇಂಚು ಒಳವ್ಯಾಸದ್ದು. ಪುಶ್‌ರಾಡ್ (ಪೆಡಲಿನಿಂದ ಮಾಸ್ಟರ್ ಪಿಸ್ಟನ್ ತಳ್ಳುವ ಕಡ್ಡಿ) 25 ಮಿಮೀ ಚಲಿಸಿದರೆ ಅದು ತಳ್ಳುವುದು ಸುಮಾರು 5 ಸಿಸಿ ಆಯಿಲ್. 3/4 ಇಂಚಿನದಾದರೆ 7 ಸಿಸಿ. ಟಿ56ನ ಸ್ಲೇವ್ ಇನ್‌ಪುಟ್ ಶಾಫ್ಟಿನ ಸುತ್ತ ಕೂತು ಬೇರಿಂಗನ್ನು ನೇರ ತಳ್ಳುವ ದೊಡ್ಡ ಉಂಗುರ. ಅದಕ್ಕೆ ಹಳೆಯ ಮಾಸ್ಟರ್ ಸಾಲದು. ಪೆಡಲ್ ಗಟ್ಟಿಯಾಗಿಯೇ ಇದ್ದು ಕ್ಲಚ್ ಬಿಡದಿದ್ದರೆ ಅನುಮಾನ ಇಲ್ಲಿಗೇ ಬರಲಿ. 3/4 ಹಾಕಿದರೆ ಅಷ್ಟೇ ಒತ್ತಡಕ್ಕೆ ಪೆಡಲ್ ಸುಮಾರು 44% ಭಾರವಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಇನ್ನು ವಿಧಾನಗಳು. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ಕೆಳಗೆ ಸ್ಲೇವಿನ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಸಡಿಲಿಸುವುದು ಹಳೆಯ ಪದ್ಧತಿ. ಬ್ರೇಕಿಗೆ ಚೆನ್ನಾಗಿ ಕೆಲಸ ಮಾಡುವ ಇದು ಇಲ್ಲಿ ಸೋಲುವುದಕ್ಕೆ ಕಾರಣ ಪೈಪಿನ ದಪ್ಪ. ಒಳಗಡೆ 3.2 ಮಿಮೀ ಇರುವ 1.2 ಮೀಟರ್ ಹೋಸಿನಲ್ಲಿ ಹಿಡಿಯುವುದು 10 ಸಿಸಿಗಿಂತ ಕಡಿಮೆ; ಎರಡು ಸಲ ಒತ್ತಿದರೆ ಗುಳ್ಳೆ ಕೆಳಗೆ ತಲುಪುತ್ತದೆ. ಅದೇ ಹೋಸ್ 5.5 ಮಿಮೀ ಆದರೆ 28 ಸಿಸಿ. ಗುಳ್ಳೆ ಅರ್ಧ ದಾರಿ ಇಳಿಯುವಷ್ಟರಲ್ಲಿ ಪೆಡಲ್ ಮೇಲೆ ಬರುತ್ತದೆ, ಗುಳ್ಳೆಯೂ ಮೇಲಕ್ಕೇರುತ್ತದೆ. ದಪ್ಪ ಹೋಸ್ ಒಳ್ಳೆಯದು ಎಂದುಕೊಂಡು ಹಾಕಿದವರೇ ಹೆಚ್ಚು ಒದ್ದಾಡುವುದು. ಗೇರ್‌ಬಾಕ್ಸ್ ಇನ್ನೂ ಎಂಜಿನ್ನಿಗೆ ಸೇರಿರದಿದ್ದರೆ ಪೆಡಲ್ ಮುಟ್ಟಲೇಬೇಡಿ, ತಡೆಯಿಲ್ಲದ ಪಿಸ್ಟನ್ ಹೊರಗೆ ಹಾರಿಬರುತ್ತದೆ.

ನಿಪ್ಪಲ್ ತೆರೆದಿಟ್ಟು ಆಯಿಲ್ ತಾನಾಗಿ ಇಳಿಯಲು ಬಿಡುವುದು ಪುಕ್ಕಟೆ ವಿಧಾನ. ಹೋಸ್ ಉದ್ದಕ್ಕೂ ಇಳಿಜಾರಾಗಿದ್ದರೆ ಮಾತ್ರ ಅದು ನಡೆಯುತ್ತದೆ, ಎಂಜಿನ್ ಬದಲಿಸಿದ ಕಾರಿನಲ್ಲಿ ಅದು ಅಪರೂಪ.

ನಿಪ್ಪಲಿಗೆ ಕೈಪಂಪು ಸಿಕ್ಕಿಸಿ ವ್ಯಾಕ್ಯೂಮ್ ಎಳೆಯುವುದು ನಮಗೆ ತೀರಾ ಹಿಡಿಸಲಿಲ್ಲ. ನಿಪ್ಪಲಿನ ಥ್ರೆಡ್ಡಿನ ಸಂದಿನಿಂದಲೇ ಗಾಳಿ ನುಸುಳಿ ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ಒಳಗೆ ಇನ್ನೂ ಗಾಳಿಯಿದೆ ಎಂದು ನಂಬಿ ಆಯಿಲ್ ಸುರಿಯುತ್ತಲೇ ಇರಬೇಕಾಗುತ್ತದೆ. ಸ್ಲೇವಿನ ಸೀಲ್ ಇರುವುದು ಒಳಗಿನ ಒತ್ತಡವನ್ನು ತಡೆಯುವುದಕ್ಕೆ. ಹೊರಗಿನಿಂದ ಬರುವ ಗಾಳಿಯನ್ನು ಅದು ಅಷ್ಟು ಗಟ್ಟಿಯಾಗಿ ತಡೆಯಲಾರದು. ಅದೇ ಪಂಪನ್ನು ಮೇಲೆ ರಿಸರ್ವಾಯರ್ (ಆಯಿಲ್ ತುಂಬುವ ಡಬ್ಬಿ) ಬಾಯಿಗೆ ಹಾಕಿ 15–20 ಇಂಚು ಪಾದರಸದಷ್ಟು ಎಳೆದು, ಬಿಟ್ಟು, ಮತ್ತೆ ಎಳೆದರೆ ಗುಳ್ಳೆ ಉಬ್ಬಿ ತಾನಾಗಿ ಮೇಲೇರುತ್ತದೆ. ಕೊನೆಯ ಉಳಿಕೆ ಗಾಳಿಗೆ ಇದು ಬಲು ಒಳ್ಳೆಯದು.

ಗೆಲ್ಲುವುದು ಮಾತ್ರ ಕೆಳಗಿನಿಂದ ಮೇಲಕ್ಕೆ ತಳ್ಳುವ ವಿಧಾನ, ಗಾಳಿ ಹೋಗಬೇಕೆನ್ನುವ ದಿಕ್ಕಿಗೇ ಆಯಿಲ್ಲೂ ಹೋಗುತ್ತದೆ. 100 ಮಿಲಿ ಸಿರಿಂಜ್, ನಿಪ್ಪಲಿಗೆ ಬಿಗಿಯಾಗಿ ಕೂರುವ ಟ್ಯೂಬ್ ಸಾಕು. ರಿಸರ್ವಾಯರಿನ ಆಯಿಲ್ ಹೀರಿ ಮುಕ್ಕಾಲು ಖಾಲಿ ಮಾಡಿ. ಸಿರಿಂಜ್ ತುಂಬಿ, ಮೂತಿ ಮೇಲೆ ಮಾಡಿ ತಟ್ಟಿ, ಟ್ಯೂಬಿನ ತುದಿಯಲ್ಲಿ ಆಯಿಲ್ ಕಾಣುವವರೆಗೆ ಗಾಳಿ ಹೊರಹಾಕಿ. ಟ್ಯೂಬ್ ಸಿಕ್ಕಿಸಿದ ಮೇಲೆ ನಿಪ್ಪಲ್ ಅರ್ಧ ಸುತ್ತು ತಿರುಗಿಸಿ, ಒಂದೇ ಸಮನೆ ತಳ್ಳಿ, ಮಧ್ಯೆ ನಿಲ್ಲಿಸಬೇಡಿ. ರಿಸರ್ವಾಯರಿನಲ್ಲಿ ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಾಸಿವೆಯಂಥ ಗುಳ್ಳೆ, ಕೊನೆಗೆ ಬರೀ ಆಯಿಲ್ ಬರುತ್ತದೆ. ತಳ್ಳುತ್ತಿರುವಾಗಲೇ ನಿಪ್ಪಲ್ ಮುಚ್ಚಿ.

ಏನೂ ಮೇಲೆ ಬರದಿದ್ದರೆ ಪೆಡಲ್ ಪೂರ್ತಿ ಹಿಂದೆ ಬಂದಿಲ್ಲ. ಪುಶ್‌ರಾಡಿಗೆ 1–2 ಮಿಮೀ ಸಡಿಲ ಇರಲೇಬೇಕು, ಇಲ್ಲದಿದ್ದರೆ ರಿಸರ್ವಾಯರಿಗೆ ಹೋಗುವ ಸಣ್ಣ ರಂಧ್ರವನ್ನು ಪಿಸ್ಟನ್ ಮುಚ್ಚಿಟ್ಟಿರುತ್ತದೆ. ಈ ಒಂದು ತಪ್ಪಿನಿಂದ ಯಾವ ವಿಧಾನವೂ ಫಲಿಸದು, ಬಿಸಿಯಾದಾಗ ಆಯಿಲ್ ಹಿಗ್ಗಿ ಕ್ಲಚ್ ಜಾರುವುದೂ ಉಂಟು. ಹಳೆಯ ಕೊಳೆ ಆಯಿಲ್ ಇದ್ದಾಗ ಕೆಳಗಿನಿಂದ ತಳ್ಳಿದರೆ ಕಸವೆಲ್ಲ ಮಾಸ್ಟರಿಗೆ ಹೋಗುತ್ತದೆ. ಮೊದಲು ಹಳೆಯದನ್ನು ಹೊರಹಾಕಿ. ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಇದೆಲ್ಲಕ್ಕೂ ಸ್ಲೇವಿನ ನಿಪ್ಪಲಿಗೆ ಉದ್ದ ಹೋಸ್ ಸೇರಿಸಿ ಬಾನೆಟ್ ಕೆಳಗೆ ತಂದಿಟ್ಟರೆ ಅರ್ಧ ಶ್ರಮ ಉಳಿಯುತ್ತದೆ, ಆದರೆ ಅದನ್ನು ಗೇರ್‌ಬಾಕ್ಸ್ ಏರಿಸುವ ಮುಂಚೆಯೇ ಹಾಕಬೇಕು. ಬೇರಿಂಗಿಗೂ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳಿಗೂ ನಡುವೆ, ಸ್ಲೇವನ್ನು ಪೂರ್ತಿ ಒತ್ತಿಟ್ಟು, 3ರಿಂದ 5 ಮಿಮೀ ಜಾಗ ಇದೆಯೇ ಎಂದು ಅಳೆಯುವುದೂ ಆಗಲೇ. ಹೆಚ್ಚಿದ್ದರೆ ಸ್ಲೇವ್ ಹಿಂದೆ ಶಿಮ್ (ಜಾಗ ತುಂಬುವ ತೆಳು ಬಿಲ್ಲೆ) ಹಾಕಿ. ಇಲ್ಲದಿದ್ದರೆ ಪಿಸ್ಟನ್ ಮಿತಿ ಮೀರಿ ಬಂದು ಸೋರುತ್ತದೆ. ಕಡಿಮೆಯಿದ್ದರೆ ಕ್ಲಚ್ ಪ್ಲೇಟ್ ಸವೆದಂತೆ ಕ್ಲಚ್ ಜಾರುತ್ತದೆ.

ತಣ್ಣಗಿದ್ದಾಗ ಸರಿಯಿದ್ದು ಟ್ರಾಫಿಕ್‌ನಲ್ಲಿ ಮೆತ್ತಗಾದರೆ, ಎಕ್ಸಾಸ್ಟ್ ಪಕ್ಕ ಹಾದ ಹೋಸಿನಲ್ಲಿ ಆಯಿಲ್ ಕುದಿಯುತ್ತಿದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯದೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬೇಕು, ಡಾಟ್ 4 ಆಯಿಲ್ 230ರವರೆಗೆ. ತೇವ ಹೀರಿದ ಮೇಲೆ ಆ ಮಟ್ಟ 140 ಮತ್ತು 155ಕ್ಕೆ ಇಳಿಯಬಹುದು. ಹೋಸ್ ದೂರ ಸರಿಸಿ, ಶಾಖ ತಡೆಯುವ ತೋಳು ಹಾಕಿ, ಆಯಿಲ್ ಬದಲಿಸಿ.

ಕೊನೆಗೆ ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಮಾಡಿ 1ನೇ ಗೇರಿಗೆ ಹಾಕಿ. ಪೆಡಲನ್ನು ನಿಧಾನಕ್ಕೆ ಒತ್ತುತ್ತ ಹೋಗುವಾಗ ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಲಿ. ಪೆಡಲ್ ನೆಲ ಮುಟ್ಟಲು 25 ಮಿಮೀ ಬಾಕಿ ಇರುವಾಗಲೇ ಶಾಫ್ಟ್ ಸಲೀಸಾಗಿ ತಿರುಗಿದರೆ ಕಾರು ರಸ್ತೆಗೆ ಇಳಿಯಬಹುದು.