ಹಾಡಿ ನೋಡಿದೆ, ಹಾಡಿಸಿ ನೋಡಿದೆ: ಹತ್ಸುನೆ ಮಿಕು ವಿ4ಎಕ್ಸ್ ಜೊತೆ ಏಳು ವರ್ಷ

"ಯಾರೋ ಅದು? ಆ ಹುಡುಗಿ ಉಸಿರೇ ತಗೊಳ್ಳಲ್ವಲ್ಲೋ!"

ಸಾಫ್ಟ್‌ವೇರ್ ಕೊಂಡ ಮೊದಲ ವಾರ ಅಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳಿದ್ದು ಇದು. ಸ್ಪೀಕರ್‌ನಲ್ಲಿ ಜಪಾನಿನ 80ರ ದಶಕದ ಒಂದು ಡಿಸ್ಕೋ ಹಾಡಿನ ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು, ಓಡುತ್ತಿತ್ತು. ಹಾಡುತ್ತಿದ್ದದ್ದು ಹುಡುಗಿ ಅಲ್ಲ, ನನ್ನ ಲ್ಯಾಪ್‌ಟಾಪು. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಪಾಠ ಹೇಳಿದವರು. ತಪ್ಪು ಎಲ್ಲಿದೆ ಅಂತ ಒಂದೇ ಸಲಕ್ಕೆ ಹಿಡಿದುಬಿಟ್ಟರು. ನಾನೋ, ಮೂರು ರಾತ್ರಿ ನಿದ್ದೆಗೆಟ್ಟು ಎಕೋ ಜಾಸ್ತಿ ಮಾಡ್ತಾ, ಕಮ್ಮಿ ಮಾಡ್ತಾ ಕೂತಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹತ್ಸುನೆ ಮಿಕು ಅಂದರೆ ಹಾಡುವ ತಂತ್ರಾಂಶ. ಜಪಾನಿನ ಸಪ್ಪೊರೊ ಊರಿನ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿ ಇದನ್ನು 2007ರ ಆಗಸ್ಟ್ 31ರಂದು ಬಿಟ್ಟಿತು. ಒಳಗಿನ ಎಂಜಿನ್ ಯಮಾಹಾದವರ ವೊಕಲಾಯ್ಡ್. ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯ ದನಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಇಟ್ಟಿದ್ದಾರೆ. ನಾವು ಸಂಗೀತದ ನೋಟ್ ಹಾಕಿ, ಅದರ ಮೇಲೆ ಅಕ್ಷರ ಟೈಪ್ ಮಾಡಿದರೆ ಅವಳು ಹಾಡುತ್ತಾಳೆ. ಡಬ್ಬದ ಮೇಲೆ ಹಸಿರು ಜಡೆಯ, 16 ವರ್ಷದ ಹುಡುಗಿಯ ಚಿತ್ರ. ನನ್ನ ಹತ್ತಿರ ಇರುವುದು 2016ರ ವಿ4ಎಕ್ಸ್, ಜಪಾನಿ ಮತ್ತು ಇಂಗ್ಲಿಷ್ ದನಿ ಎರಡೂ ಇರುವ ಕಂತೆ. ಬಳಸಿದ್ದು ಮುಕ್ಕಾಲು ಪಾಲು ಒಂದೇ ಕೆಲಸಕ್ಕೆ: ಜಪಾನಿನ ಡ್ಯಾನ್ಸ್ ಹಾಡುಗಳ ಕವರ್ ಮಾಡೋದಕ್ಕೆ.

ಕವರ್ ಅಂದಕೂಡಲೇ ಕೆಲವರು ಮೂಗು ಮುರೀತಾರೆ. ಆದರೆ ಮಿಕು ಹೆಸರಾದದ್ದೇ ಕವರ್‌ನಿಂದ. ಬಿಡುಗಡೆಯಾಗಿ ಒಂದು ವಾರವೂ ಆಗಿರಲಿಲ್ಲ, ಒಟೊಮೇನಿಯಾ ಎಂಬ ಅಡ್ಡಹೆಸರಿನವರು ಫಿನ್‌ಲೆಂಡಿನ ಪೋಲ್ಕಾ ಎಂಬ ಕುಣಿತದ ಒಂದು ಹಾಡನ್ನು ಅವಳಿಂದ ಹಾಡಿಸಿ ನಿಕೊನಿಕೊ ವಿಡಿಯೊ ತಾಣಕ್ಕೆ ಹಾಕಿದರು. ಅದರಲ್ಲಿ ಗುಂಡುಗುಂಡಗಿನ ಪುಟ್ಟ ಮಿಕು, ನಮ್ಮ ಈರುಳ್ಳಿ ಸೊಪ್ಪಿನಂಥದ್ದೇ ಒಂದು ಉದ್ದನೆಯ ದಂಟನ್ನು ಕೈಯಲ್ಲಿ ಹಿಡಿದು ಆಡಿಸುತ್ತಾಳೆ. ಆ ದಂಟು ಇವತ್ತಿಗೂ ಅವಳ ಕೈ ಬಿಟ್ಟಿಲ್ಲ.

ನಿಕೊನಿಕೊದಲ್ಲಿ ಕವರ್ ಹಾಡುಗಳ ಗುಂಪಿಗೆ 'ಉತತ್ತೆ ಮಿತ' ಅಂತ ಹೆಸರು. ಪದಶಃ ಅರ್ಥ 'ಹಾಡಿ ನೋಡಿದೆ'. ಹಾಗೇ 'ಒದೊತ್ತೆ ಮಿತ' ಅಂದರೆ 'ಕುಣಿದು ನೋಡಿದೆ'. ನಮ್ಮಲ್ಲಿ ತಿಂದು ನೋಡು, ಹೋಗಿ ನೋಡು ಅನ್ನುವ ಹಾಗೇ ಅವರೂ ಕ್ರಿಯಾಪದಕ್ಕೆ 'ನೋಡು' ಸೇರಿಸುತ್ತಾರೆ. ಇದನ್ನು ಕಂಡ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಒದ್ದಾಡುವವರನ್ನು ನೋಡಿದ್ದೇನೆ. ಕನ್ನಡದವರಿಗೆ ವಿವರಣೆಯೇ ಬೇಡ.

ಇನ್ನು ಹಾಡುಗಳ ವಿಷಯ. ಜಪಾನಿನ ಡ್ಯಾನ್ಸ್ ಪಾಪ್‌ನಲ್ಲಿ ಕೆದಕಿದಷ್ಟೂ ಕವರ್‌ಗಳೇ ಸಿಗುತ್ತವೆ. ಯೊಕೊ ಒಗಿನೊಮೆ 1985ರಲ್ಲಿ ಹಾಡಿ ಮನೆಮಾತಾದ 'ಡ್ಯಾನ್ಸಿಂಗ್ ಹೀರೊ' ಮೂಲದಲ್ಲಿ ಆಂಜಿ ಗೋಲ್ಡ್ ಎಂಬ ಬ್ರಿಟಿಷ್ ಗಾಯಕಿಯದು. 2018ರಲ್ಲಿ ಡಾ ಪಂಪ್ ತಂಡ ಹಾಡಿ, ಶಾಲೆ ಮಕ್ಕಳೆಲ್ಲ ಹೆಬ್ಬೆರಳೆತ್ತಿ ಕುಣಿದ 'ಯು.ಎಸ್.ಎ.' ಇಟಲಿಯ 1992ರ ಯೂರೋಬೀಟ್ ಹಾಡು. ಯೂರೋಬೀಟ್ ಅನ್ನುವ ಈ ವೇಗದ ಡ್ಯಾನ್ಸ್ ಸಂಗೀತವೇ ಒಂದು ವಿಚಿತ್ರ ಪ್ರಾಣಿ. ತಯಾರಾಗುವುದು ಹೆಚ್ಚಾಗಿ ಇಟಲಿಯಲ್ಲಿ, ಕುಣಿಯುವುದು ಟೋಕಿಯೊದಲ್ಲಿ. ಏವೆಕ್ಸ್ ಕಂಪನಿಯ 'ಸೂಪರ್ ಯೂರೋಬೀಟ್' ಸಿ.ಡಿ. ಮಾಲೆ 1990ರಲ್ಲಿ ಶುರುವಾಗಿ 2018ರಲ್ಲಿ 250ನೇ ಸಂಪುಟ ಮುಟ್ಟಿತು. ಇವುಗಳ ಜಪಾನಿ ಕವರ್‌ನಲ್ಲಿ ಮಟ್ಟು ಅದೇ, ಮಾತು ಮಾತ್ರ ಹೊಸದು. ನಮ್ಮ ಭಜನಾ ಮಂಡಳಿಯವರು ಸಿನಿಮಾ ಹಾಡಿನ ಮಟ್ಟಿಗೆ ದೇವರ ಪದ ಕೂರಿಸಲ್ವಾ, ಹಾಗೆ. ಒಗಿನೊಮೆಯ ಆ ಹಾಡಂತೂ ನಗೋಯಾ ಸುತ್ತಮುತ್ತ ಊರ ಹಬ್ಬದ ಬೊನ್ ಕುಣಿತಕ್ಕೂ ಹೊಕ್ಕಿದೆ. ಅಜ್ಜಿಯರೂ ಯುಕಾತ ಉಟ್ಟು ಅದಕ್ಕೆ ಸುತ್ತು ಹೊಡೆಯುತ್ತಾರೆ. 2017ರಲ್ಲಿ ಒಸಾಕಾದ ಒಂದು ಹೈಸ್ಕೂಲಿನ ಹುಡುಗಿಯರು ದೊಡ್ಡ ಭುಜದ ಕೋಟು ಹಾಕಿ ಅದಕ್ಕೆ ಕುಣಿದರು, ಹಳೇ ಹಾಡು ಮತ್ತೆ ಎದ್ದು ಕೂತಿತು.

ಇಂಥ ಹಾಡುಗಳಿಗೆ ಮಿಕು ಹೇಳಿ ಮಾಡಿಸಿದ ದನಿ. ಕಾರಣ ಸುಲಭ. ಡ್ಯಾನ್ಸ್ ಹಾಡಿನಲ್ಲಿ ಭಾವಕ್ಕಿಂತ ಬಡಿತ ಮುಖ್ಯ. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ನಡುವೆ ಅವಳೂ ಒಂದು ಸಿಂಥ್ ಆಗಿ ಕೂತುಬಿಡುತ್ತಾಳೆ. ಅದೇ ನಿಧಾನದ ವಿರಹಗೀತೆ ಹಾಡಿಸಿ, ಸೊಳ್ಳೆ ಅಳ್ತಾ ಇದೆ ಅನ್ಸುತ್ತೆ. (ಈ ಮಾತು ನನ್ನ ಹೆಂಡತಿಯದು, ನನ್ನದಲ್ಲ.) 2007ರ ಮೊದಲ ಮಿಕುಗೆ ಕಂಪನಿಯೇ ಹೇಳಿದ ವೇಗ ನಿಮಿಷಕ್ಕೆ 70ರಿಂದ 150 ಬೀಟ್. ಯೂರೋಬೀಟ್ 150ರ ಆಚೀಚೆಯೇ ಓಡುವುದು, ಅಂದರೆ ಅಂಚಿನಲ್ಲೇ ನಡಿಗೆ.

ಆ ಅಂಚಿನಲ್ಲಿ ಏನಾಗುತ್ತೆ ಅಂತ ಹೇಳ್ತೀನಿ. 150ರ ವೇಗದಲ್ಲಿ ಒಂದು ಬೀಟಿನ ಕಾಲು ಭಾಗ ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಅಷ್ಟರಲ್ಲಿ 'ಸು' ಅನ್ನಬೇಕು. ವೊಕಲಾಯ್ಡ್ ಸ್ವರವನ್ನು ಸರಿಯಾಗಿ ಬೀಟಿನ ಮೇಲೆ ಕೂರಿಸುತ್ತೆ, ವ್ಯಂಜನವನ್ನು ಅದಕ್ಕೂ ಮುಂಚೆ ತಳ್ಳುತ್ತೆ. 'ಸ್' ಉದ್ದ ಸದ್ದು. ಹಿಂದಿನ ನೋಟಿನ ಬಾಲ ಕಚ್ಚುತ್ತೆ. ಹಾಡು ಹಲ್ಲಿಲ್ಲದವರು ಮಾತಾಡಿದ ಹಾಗೆ ಆಗುತ್ತೆ. ವೆಲಾಸಿಟಿ ಅಂತ ಒಂದು ಗೆರೆ ಇದೆ. ಹೆಸರು ನೋಡಿ ದನಿ ಜೋರಾಗುತ್ತೆ ಅಂತ ಒಂದು ವರ್ಷ ತಪ್ಪು ತಿಳಿದಿದ್ದೆ. ಅದು ವ್ಯಂಜನದ ಉದ್ದ. ಏರಿಸಿದರೆ ವ್ಯಂಜನ ಗಿಡ್ಡ ಆಗುತ್ತೆ. ಈಗ ನನ್ನ ಕವರ್‌ಗಳಲ್ಲಿ ಪ್ರತಿ 'ಸ', 'ಶ' ಮೇಲೂ ಆ ಗೆರೆ ಗುಡ್ಡದ ಹಾಗೆ ಎದ್ದಿರುತ್ತೆ.

ಉಸಿರಿನ ಸಮಸ್ಯೆಗೂ ಔಷಧಿ ಸಿಕ್ಕಿತು. ಪ್ರತಿ ಸಾಲಿನ ಕೊನೇ ನೋಟನ್ನು ಸ್ವಲ್ಪ ಮೊಟಕು ಮಾಡಿ, ಆ ಸಂದಿನಲ್ಲಿ ಉಸಿರೆಳೆಯುವ ಸದ್ದು ಇಟ್ಟೆ. ಮೊದಲು ಮೈಕ್ ಮುಂದೆ ಕೂತು ನನ್ನದೇ ಉಸಿರು ರೆಕಾರ್ಡ್ ಮಾಡಿ ಹಾಕಿದ್ದೆ. ಮಿಕುಗೆ ಗೂರಲು ಬಂದ ಹಾಗಾಯಿತು. ಆಮೇಲೆ ತಂಗಿಯ ಉಸಿರು ಸಾಲ ತಗೊಂಡೆ.

ಕನ್ನಡ ಹಾಡಿಸಿದ್ಯಾ ಅಂತ ಎಲ್ಲರೂ ಕೇಳ್ತಾರೆ. ಹಾಡಿಸದೆ ಬಿಡ್ತೀನಾ? ಜಪಾನಿ ಅಕ್ಷರಗಳ ಸಾಲು ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯದೇ ಕ್ರಮ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದ ಪ್ರಭಾವ ಅದು. 'ಪ' ಇರಬೇಕಾದ ಜಾಗದಲ್ಲಿ 'ಹ' ಇದೆ, ಯಾಕಂದರೆ ಅವರ ಹಳೇ ಪಕಾರ ಹಕಾರವಾಯಿತು. ನಮ್ಮ ಪಾಲು ಹಾಲಾದ ಹಾಗೆ! ಇಷ್ಟು ನೆಂಟಸ್ತನ ಇರುವಾಗ ಕನ್ನಡ ಸಲೀಸು ಅಂದುಕೊಂಡು ಪುರಂದರದಾಸರ ಪಿಳ್ಳಾರಿ ಗೀತೆ ಟೈಪ್ ಮಾಡಿದೆ. ಮಲಹರಿ ರಾಗ, ಕೆಳಗೆ 150ರ ಡ್ರಮ್.

'ರಂಬೋದರ ರಕುಮಿಕರ' ಅಂದಳು.

ಜಪಾನಿಯಲ್ಲಿ ಲಕಾರ ಇಲ್ಲ. ಳ, ಣ, ಮಹಾಪ್ರಾಣ ಕೇಳಲೇಬೇಡಿ. 'ಲ'ವನ್ನು ಇಂಗ್ಲಿಷ್ ದನಿಯಿಂದ ಕತ್ತರಿಸಿ ತಂದೆ. ದಪ್ಪ ನಾಲಿಗೆಯ ಲಕಾರ, ಆದರೂ ಪರವಾಗಿಲ್ಲ. ಇಂಗ್ಲಿಷ್ ದನಿಯ 'ಟ', 'ಡ' ನಮ್ಮದಕ್ಕೆ ಹತ್ತಿರ. 'ತ', 'ದ' ಮಾತ್ರ ಜಪಾನಿ ದನಿಯದೇ ಚೆನ್ನ. 'ಉ' ಹೇಳುವಾಗ ಜಪಾನಿ ಮಿಕು ತುಟಿ ಮುಂದೆ ತರೋದಿಲ್ಲ. ಹಾಗಾಗಿ 'ಕು' ಅನ್ನೋದು ಕು ಮತ್ತು ಕಿ ನಡುವೆ ಎಲ್ಲೋ ನಿಲ್ಲುತ್ತೆ. ಗಮಕಕ್ಕೆ ದನಿಯ ಏರಿಳಿತದ (ಪಿಚ್) ಗೆರೆಯನ್ನು ಮೌಸ್‌ನಲ್ಲಿ ಗೀಚಬೇಕು. ಒಂದು ಆವರ್ತಕ್ಕೆ ಒಂದು ಸಂಜೆ. ಕೆಲಸ ಬೇಕಾದವರು ಮಾಡಿಕೊಳ್ಳಿ.

ಹಕ್ಕಿನ ವಿಷಯದಲ್ಲಿ ಒಂದು ಸಲ ಕೈ ಸುಟ್ಟುಕೊಂಡೆ. ಸಿ.ಡಿ.ಯ ಕರೋಕೆ ಟ್ರ್ಯಾಕ್ ಮೇಲೆ ಮಿಕುವನ್ನು ಹಾಡಿಸಿ ಒಂದು ವಿಡಿಯೊ ತಾಣಕ್ಕೆ ಹಾಕಿದ್ದೆ. ಮಾರನೇ ದಿನಕ್ಕೆ ಮಾಯ. ತಪ್ಪು ನನ್ನದೇ. ಹಾಡುಗಳ ಹಕ್ಕು ನೋಡಿಕೊಳ್ಳುವ ಜಪಾನಿನ ಜಸ್ರಾಕ್ ಸಂಸ್ಥೆ ದೊಡ್ಡ ತಾಣಗಳ ಜೊತೆ ಒಪ್ಪಂದ ಮಾಡಿಕೊಂಡಿರುವುದು ಮಟ್ಟು ಮತ್ತು ಸಾಹಿತ್ಯಕ್ಕೆ. ರೆಕಾರ್ಡಿಂಗ್ ಬೇರೆಯವರ ಸ್ವತ್ತು. ಅಂದಿನಿಂದ ಡ್ರಮ್ಮು, ಬೇಸು ಎಲ್ಲ ನಾನೇ ಕೂರಿಸುತ್ತೇನೆ. ಮಿಕುಳ ಚಿತ್ರಕ್ಕೆ ಬೇರೆ ನಿಯಮ. ದುಡ್ಡು ಮಾಡದೆ ಅಭಿಮಾನಕ್ಕೆ ಬಳಸುವವರಿಗೆ ಕಂಪನಿ ಧಾರಾಳವಾಗಿ ಬಿಟ್ಟಿದೆ. ಅವಳಿಂದ ಹಾಡಿಸಿದ ಸ್ವಂತ ಹಾಡನ್ನು ಮಾರಲೂಬಹುದು.

ಇನ್ನೊಂದು ದುಃಖ ಲ್ಯಾಪ್‌ಟಾಪಿನದು. ರಿಪೇರಿ ಅಂಗಡಿಯವರು ಕೇಳದೆ ಡಿಸ್ಕ್ ಒರೆಸಿದರು, ಹನ್ನೊಂದು ಕವರ್ ಹೋದವು. ಮಿಕು ತಂತ್ರಾಂಶದ ಸೀರಿಯಲ್ ನಂಬರ್ ಮೇಲ್‌ನಲ್ಲಿತ್ತು, ಬಚಾವ್. ನೀವೂ ಅದನ್ನು ಎರಡು ಕಡೆ ಇಟ್ಟುಕೊಳ್ಳಿ.

2020ರಲ್ಲಿ ಬಂದ ಎನ್‌ಟಿ ಆವೃತ್ತಿಯಲ್ಲಿ ಯಮಾಹಾ ಎಂಜಿನ್ ಬಿಟ್ಟು ಕಂಪನಿ ತನ್ನದೇ ಎಂಜಿನ್ ಹಾಕಿದೆ. ನಾನು ಬದಲಾಯಿಸಿಲ್ಲ. ಎ.ಐ. ದನಿಯ ಸಿಂಥಸೈಜರ್ ವಿ ಎಂಬ ಬೇರೆ ತಂತ್ರಾಂಶವನ್ನೂ ಕೇಳಿದ್ದೇನೆ. ನಿಜಕ್ಕೂ ಮನುಷ್ಯರ ಹಾಗೇ ಹಾಡುತ್ತೆ, ಕೆಲಸವೂ ಕಮ್ಮಿ. ಮನುಷ್ಯರ ಹಾಗೆ ಹಾಡುವವರು ಬೇಕಿದ್ದರೆ ನನಗೆ ತಂಗಿ ಇದ್ದಾಳೆ. ಯೂರೋಬೀಟಿಗೆ ಬೇಕಾದದ್ದು ಆ ತಗಡಿನ ಹೊಳಪು. ಅದಕ್ಕೇ ಐದಕ್ಕೆ ನಾಲ್ಕು ಕೊಡ್ತೀನಿ. ಕೀಬೋರ್ಡ್ ಗೊತ್ತಿದ್ದು, ರಾತ್ರಿ ಎರಡು ಗಂಟೆ ಬಿಡುವಿದ್ದವರು ಮಾತ್ರ ತಗೊಳ್ಳಿ. ಒಂದು ಗುಂಡಿ ಒತ್ತಿದರೆ ಹಾಡು ಬರಬೇಕು ಅನ್ನುವವರಿಗೆ ಸುಮ್ನೆ ದುಡ್ಡು ದಂಡ.

ಹೋದ ಗಣೇಶನ ಹಬ್ಬಕ್ಕೆ ಆ ಪಿಳ್ಳಾರಿ ಗೀತೆಯನ್ನು ಪೂರ್ತಿ ಮುಗಿಸಿದೆ. ಅಮ್ಮ ಹೂರಣ ರುಬ್ಬೋದು ನಿಲ್ಲಿಸಿ ಕೊನೇವರೆಗೂ ಕೇಳಿದರು.

"ಈಗ ಉಸಿರು ತಗೋತಾಳೆ. ಲಕಾರ ಇನ್ನೊಂದು ಚೂರು ತಿದ್ದಬೇಕು, ನಾಳೆ ಬರೋಕೆ ಹೇಳು."