ಆಡ್‌ಡಬ್ಲ್ಯು ಕ್ಲೀನರ್ ರಿವ್ಯೂ: ಫಾರ್ಮ್ಯಾಟ್ ಹೊಡೆಸೋ ಮುಂಚೆ ಒಂದ್ಸಲ ಓಡಿಸಿ ನೋಡಿ

ತಿಪಟೂರಲ್ಲಿ ನಮ್ಮ ಮನೇಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಐ3 ಪ್ರೊಸೆಸರ್ರು, ವಿಂಡೋಸ್ 10. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಅದರಲ್ಲಿ ಅವ್ರು ಮಾಡೋದು ಮೂರೇ ಕೆಲಸ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಲೋಕಲ್ ಪೇಪರಿಗೆ ಲೇಖನ ಟೈಪ್ ಮಾಡೋದು, ಕೊಬ್ಬರಿ ರೇಟ್ ನೋಡೋದು, ರಾತ್ರಿ ಊಟ ಆದ್ಮೇಲೆ ಯೂಟ್ಯೂಬಲ್ಲಿ ಹಳೇ ರಂಗಗೀತೆ ಕೇಳೋದು. ಹೋದ ತಿಂಗಳು ಫೋನ್ ಮಾಡಿ, "ಏನೋ ಇದು, ಸ್ಕ್ರೀನ್ ಮೂಲೇಲಿ ನಿಮಿಷಕ್ಕೊಂದ್ಸಲ ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ಬಂದಿದೆ ಅಂತ ಬರ್ತಾ ಇದೆ, ಅದರ ಜೊತೆಗೆ ಯಾವ್ಯಾವ್ದೋ ಹುಡುಗೀರ ಫೋಟೋ ಬೇರೆ, ನಿಮ್ಮಮ್ಮ ನನ್ನನ್ನ ಒಂಥರಾ ನೋಡ್ತಿದಾಳೆ" ಅಂದ್ರು.

ಊರಿನ ಒಬ್ಬ ಕಂಪ್ಯೂಟರ್ ಅಂಗಡಿಯವ್ರನ್ನ ಆಗ್ಲೇ ಕೇಳಿದ್ರಂತೆ. ಅವ್ರು ಮಷೀನ್ ಕಣ್ಣಲ್ಲೂ ನೋಡ್ದೇನೆ "ಫಾರ್ಮ್ಯಾಟ್ ಹೊಡೀಬೇಕು ಸಾರ್, 800 ಆಗುತ್ತೆ, ಆಂಟಿವೈರಸ್ಸೂ ಹಾಕಿಸ್ಕೊಂಡ್ಬಿಡಿ" ಅಂದ್ರಂತೆ. ನೆಗಡಿ ಬಂತು ಅಂತ ಮೂಗು ಕೊಯ್ಯೋ ಲೆಕ್ಕ. ಫಾರ್ಮ್ಯಾಟ್ ಅಂದ್ರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು, ಆಮೇಲೆ ನುಡಿ ಮತ್ತೆ ಹಾಕ್ಬೇಕು, ಪೇಪರಿನವ್ರು ಕೇಳೋ ನುಡಿ ಫಾಂಟು ಸರಿಯಾಗಿ ಕೂತ್ಕೋಬೇಕು, ಪ್ರಿಂಟರ್ ಡ್ರೈವರ್ ಹುಡುಕ್ಬೇಕು, ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರೋ ಹತ್ತು ವರ್ಷದ ಫೈಲುಗಳನ್ನ ಕಾಪಿ ಮಾಡ್ಬೇಕು. ಅದಕ್ಕೇ ಯಾರಿಗೂ ಕೊಡ್ಬೇಡಿ, ಶನಿವಾರ ನಾನೇ ಬರ್ತೀನಿ ಅಂದೆ. ನಾನೇನು ರಿಪೇರಿ ಎಕ್ಸ್‌ಪರ್ಟ್ ಅಲ್ಲ, ಮನೇಲಿ "ಇವನಿಗೆ ಗೊತ್ತು" ಅಂತ ಒಂದು ಹೆಸರಿದೆ ಅಷ್ಟೆ.

ಹೋಗಿ ಕೂತ್ಕೊಂಡಾಗ ಮೊದ್ಲು ಗೊತ್ತಾಗಿದ್ದು ಏನಂದ್ರೆ ಅರ್ಧ ಕಾಟ ವೈರಸ್ಸೇ ಅಲ್ಲ. ಮೂಲೇಲಿ ಬರ್ತಿದ್ದ ಆ ಪೆಟ್ಟಿಗೆಗಳೆಲ್ಲ ಬ್ರೌಸರ್ ನೋಟಿಫಿಕೇಶನ್ನು. ಯಾವ್ದೋ ಸೈಟಲ್ಲಿ "ನೀವು ರೋಬೋ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ" ಅಂತ ಬರುತ್ತೆ, ಅಪ್ಪ ಶಿಸ್ತಾಗಿ ಒತ್ತಿದಾರೆ, ಅಷ್ಟಾದ್ರೆ ಸಾಕು, ಆಮೇಲೆ ಆ ಸೈಟ್ ಮುಚ್ಚಿದ್ರೂ ಅದು ನಮ್ಮ ಸ್ಕ್ರೀನಿಗೆ ಏನು ಬೇಕಾದ್ರೂ ಕಳಿಸ್ತಾ ಇರುತ್ತೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಕ್ರೋಮಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್, ಅಲ್ಲಿ ಅಲೋ ಲಿಸ್ಟಲ್ಲಿರೋ ಗುರುತು ಪರಿಚಯ ಇಲ್ಲದ ಹೆಸರನ್ನೆಲ್ಲ ತೆಗ್ದುಹಾಕಿ, ಮೇಲ್ಗಡೆ ಇನ್ಮುಂದೆ ಯಾವ ಸೈಟೂ ಕೇಳ್ಲೇಬಾರ್ದು ಅಂತ ಆಯ್ಕೆ ಇದೆ, ಅದನ್ನ ಇಟ್ಬಿಡಿ. ಅಪ್ಪನ ಲಿಸ್ಟಲ್ಲಿ ಹದಿನಾಲ್ಕು ಸೈಟಿತ್ತು. ಎರಡು ನಿಮಿಷದ ಕೆಲಸ, ವೈರಸ್ ಮೆಸೇಜೂ ಹೋಯ್ತು, ಹುಡುಗೀರೂ ಹೋದ್ರು, ಅಮ್ಮ ಕಾಫಿ ತಂದುಕೊಟ್ರು.

ಆದ್ರೆ ಇನ್ನರ್ಧ ನಿಜವಾದ ಆಡ್‌ವೇರು, ಅಂದ್ರೆ ಕೇಳದೇನೇ ಒಳಗೆ ಬಂದು ಜಾಹೀರಾತು ತೋರಿಸೋ, ಸರ್ಚ್ ಬದಲಾಯಿಸೋ ಸಾಫ್ಟ್‌ವೇರು. ಗೂಗಲ್‌ನಲ್ಲಿ ಏನಾದ್ರೂ ಹುಡುಕಿದ್ರೆ ಕೇಳಿಲ್ಲದ ಇನ್ಯಾವ್ದೋ ಸರ್ಚ್ ಪೇಜಿಗೆ ಹೋಗ್ತಿತ್ತು, ಕ್ರೋಮಿನ ಮೆನು ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಬರ್ತಿತ್ತು. ಆಫೀಸ್ ಲ್ಯಾಪ್‌ಟಾಪಲ್ಲಿ ಹಾಗೆ ಬರೋದು ಸರಿ, ನಮ್ಮನೇಲಿ ಯಾವ ಆರ್ಗನೈಸೇಶನ್ನು, ಅಮ್ಮನ್ನ ಬಿಟ್ರೆ? ಕೆಲವು ಆಂಟಿವೈರಸ್ಸು ಹಾಕಿದ್ರೂ ಈ ಲೈನ್ ಬರಬಹುದು, ಆದ್ರೆ ಮನೆ ಕಂಪ್ಯೂಟರಲ್ಲಿ ಸರ್ಚೂ ಬದಲಾಗಿ ಈ ಲೈನೂ ಕಂಡ್ರೆ ಅನುಮಾನ ಪಡ್ಲೇಬೇಕು. ಆಡ್‌ವೇರು ಆಫೀಸಿನವ್ರು ಬಳಸೋ ಪಾಲಿಸಿನೇ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಕೊಳ್ಳೋ ಜಾಗ) ಬರೆದಿಟ್ಟು ತನ್ನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಅಂಟ್ಕೊಳ್ಳೋ ಚಿಕ್ಕ ಪ್ರೋಗ್ರಾಮು) ಕೂರಿಸಿರುತ್ತೆ, ಅದಕ್ಕೇ ಆ ಎಕ್ಸ್‌ಟೆನ್ಶನ್‌ಗೆ ರಿಮೂವ್ ಬಟನ್ನೇ ಕೆಲಸ ಮಾಡಲ್ಲ.

ಎಲ್ಲಿಂದ ಬಂತು ಅಂತ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿದ್ರೆ ಅಲ್ಲಿತ್ತು ಉತ್ತರ. ನುಡಿ ಏನೋ ತೊಂದ್ರೆ ಕೊಡ್ತು ಅಂತ ಅಪ್ಪ "ನುಡಿ ಫ್ರೀ ಡೌನ್‌ಲೋಡ್" ಅಂತ ಹುಡುಕಿ, ಮೇಲೆ ಬಂದ ಯಾವ್ದೋ ಸೈಟಲ್ಲಿ ಮೂರು ಹಸಿರು ಡೌನ್‌ಲೋಡ್ ಬಟನ್‌ಗಳಲ್ಲಿ ಅತೀ ದೊಡ್ಡದನ್ನ ಒತ್ತಿದಾರೆ. ಬಂದಿದ್ದು ನುಡಿ ಅಲ್ಲ, ಡೌನ್‌ಲೋಡ್ ಮ್ಯಾನೇಜರ್ ಅಂತ ಒಂದು ಫೈಲು, ಅದನ್ನ ನೆಕ್ಸ್ಟ್ ನೆಕ್ಸ್ಟ್ ಫಿನಿಶ್ ಅಂತ ಒತ್ಕೊಂಡು ಹೋದ್ರೆ ಪಿಡಿಎಫ್ ಕನ್ವರ್ಟರು, ಡ್ರೈವರ್ ಅಪ್‌ಡೇಟರು, ಸರ್ಚ್ ಎಕ್ಸ್‌ಟೆನ್ಶನ್ನು ಒಂದರ ಹಿಂದೊಂದು ಒಳಗೆ ಬಂದು ಕೂತಿವೆ. ಒಂದು ಇನ್‌ಸ್ಟಾಲಿಗೆ ಇಷ್ಟು ಅಂತ ಇವ್ರಿಗೆ ದುಡ್ಡು ಸಿಗುತ್ತೆ, ಹಾಗಾಗಿ ನಿಮಗೆ ಬೇಕಾದ ಸಾಫ್ಟ್‌ವೇರ್ ಸಿಕ್ತೋ ಇಲ್ವೋ ಅವ್ರಿಗೆ ಬೇಕಾಗಿಲ್ಲ. ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು, ತಗೋಬೇಕಾದ್ದೂ ಅವ್ರ ಹತ್ರಾನೆ ಅಥವಾ ಸರ್ಕಾರದ ಸೈಟಲ್ಲಿ. ಬರಹ ಅನ್ನೋ ಇನ್ನೊಂದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬೇಕಾದ್ರೂ ಅಷ್ಟೆ, ಅದರದ್ದೇ ಸೈಟಿದೆ. ಹುಡುಕಿದಾಗ ಮೊದ್ಲು ಬಂದಿದ್ದೇ ಅಸಲಿ ಅನ್ಕೋಬೇಡಿ.

ಈಗ ಪ್ರಾಡಕ್ಟ್ ವಿಷಯ. ಆಡ್‌ಡಬ್ಲ್ಯು ಕ್ಲೀನರ್ ಅನ್ನೋದು ಆಡ್‌ವೇರ್ ಹುಡುಕಿ ತೆಗೆಯೋ ಫ್ರೀ ಟೂಲು, ಮೊದ್ಲು ಫ್ರಾನ್ಸಿನ ಒಬ್ಬ ಡೆವಲಪರ್ ಶುರು ಮಾಡಿದ್ದು, 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ತಗೊಂಡ್ತು. ಹತ್ತು ಎಂಬಿಯೂ ಇಲ್ಲ, ಇನ್‌ಸ್ಟಾಲ್ ಮಾಡೋದಿಲ್ಲ, ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಶುರು. ನಾನು ಪೆನ್‌ಡ್ರೈವಲ್ಲಿ ಬೆಂಗಳೂರಿಂದ್ಲೇ ತಗೊಂಡು ಹೋಗಿದ್ದೆ, ಯಾಕಂದ್ರೆ ಸರ್ಚೇ ಹೈಜಾಕ್ ಆಗಿರೋ ಮಷೀನಲ್ಲಿ ಕ್ಲೀನರ್ ಹುಡುಕೋದು ಅಂದ್ರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗೆ, ಇದೇ ಹೆಸರಿನ ನಕಲಿಗಳೂ ಹಿಂದೆ ಬಂದಿದ್ವು, ಸ್ಕ್ಯಾನ್ ಮಾಡಿದಂಗೆ ಮಾಡಿ ದುಡ್ಡು ಕೇಳೋವು. ಮಾಲ್‌ವೇರ್‌ಬೈಟ್ಸ್ ಸೈಟಿಂದ್ಲೇ ತಗೊಳ್ಳಿ. ಓಡ್ಸುವಾಗ ನೆಟ್ ಆನ್ ಇರ್ಲಿ, ಆಡ್‌ವೇರ್ ಗುರುತಿಸೋ ಪಟ್ಟಿನ ಅಲ್ಲಿಂದ ಅಪ್‌ಡೇಟ್ ಮಾಡ್ಕೊಳ್ಳುತ್ತೆ.

ಸ್ಕ್ಯಾನ್ ನೌ ಒತ್ತಿದೆ, ಆ ಹಳೇ ಡಬ್ಬದಲ್ಲೂ ಐದು ನಿಮಿಷದೊಳಗೆ ಮುಗೀತು. ಇದು ಇಡೀ ಹಾರ್ಡ್‌ಡಿಸ್ಕ್ ಜಾಲಾಡಲ್ಲ, ಆಡ್‌ವೇರ್ ಎಲ್ಲೆಲ್ಲಿ ಕೂರುತ್ತೋ ಆ ಜಾಗ ಮಾತ್ರ ನೋಡುತ್ತೆ, ಬ್ರೌಸರ್ ಎಕ್ಸ್‌ಟೆನ್ಶನ್ನು, ರಿಜಿಸ್ಟ್ರಿ, ಶೆಡ್ಯೂಲ್ಡ್ ಟಾಸ್ಕು (ಹೊತ್ತಿಗೆ ಸರಿಯಾಗಿ ತಾನಾಗೇ ಓಡೋ ಕೆಲಸ), ಸರ್ವೀಸು, ಶಾರ್ಟ್‌ಕಟ್ಟು. ಅಪ್ಪನ ಮಷೀನಲ್ಲಿ 23 ಸಿಕ್ತು. ಅದರಲ್ಲಿ ಒಂದು ಶೆಡ್ಯೂಲ್ಡ್ ಟಾಸ್ಕಿತ್ತು ನೋಡಿ, ಅದೇ ಅಸಲಿ ಕಳ್ಳ, ನಾವು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪ್ರೋಗ್ರಾಮ್ ಅನ್‌ಇನ್‌ಸ್ಟಾಲ್ ಮಾಡಿದ್ರೂ ಮಾರನೇ ದಿನ ಲಾಗಿನ್ ಆದ ತಕ್ಷಣ ಮತ್ತೆ ಎಳ್ಕೊಂಡು ಬರೋದು ಅದು. ಟಿಕ್ ಇರೋದನ್ನ ಕ್ವಾರಂಟೈನ್ ಮಾಡ್ಬೇಕು, ಓಪನ್ ಇರೋ ಪ್ರೋಗ್ರಾಮ್ ಎಲ್ಲ ಮುಚ್ಚುತ್ತೆ, ಬೇಕಾದ್ರೆ ರೀಸ್ಟಾರ್ಟ್ ಕೇಳುತ್ತೆ, ಅದಕ್ಕೆ ಮುಂಚೆ ಟೈಪ್ ಮಾಡ್ತಿದ್ದ ಲೇಖನ ಸೇವ್ ಮಾಡ್ಕೊಳ್ಳಿ. ತೆಗ್ದಿದ್ದು ಪೂರ್ತಿ ಅಳಿಸಿ ಹೋಗಲ್ಲ, ಕ್ವಾರಂಟೈನಲ್ಲಿ ಇರುತ್ತೆ, ತಪ್ಪಾಗಿ ಬೇಕಾದ್ದೇನಾದ್ರೂ ಹೋಗಿದ್ರೆ ವಾಪಸ್ ತರಬಹುದು. ಏನೇನು ತೆಗೀತು ಅಂತ ಸಿ ಡ್ರೈವಲ್ಲಿ ಅದರದ್ದೇ ಫೋಲ್ಡರಲ್ಲಿ ಲಾಗ್ ಫೈಲೂ ಇರುತ್ತೆ.

ನನಗೆ ತುಂಬಾ ಇಷ್ಟ ಆಗಿದ್ದು ಸೆಟ್ಟಿಂಗ್ಸ್ ಒಳಗಿರೋ ರಿಪೇರಿ ಆಯ್ಕೆಗಳು, ಎಷ್ಟೋ ಜನ ಅಲ್ಲಿಗೆ ಹೋಗೋದೇ ಇಲ್ಲ. ಆಡ್‌ವೇರ್ ಕೆಡಿಸಿರೋ ನೆಟ್, ಬ್ರೌಸರ್ ಸೆಟ್ಟಿಂಗನ್ನ ಮೊದಲಿನ ಥರ ಮಾಡೋವು ಇವು: ಪ್ರಾಕ್ಸಿ ರೀಸೆಟ್, ಹೋಸ್ಟ್ಸ್ ಫೈಲ್ ರೀಸೆಟ್, ವಿನ್‌ಸಾಕ್ ರೀಸೆಟ್, ಕ್ರೋಮ್ ಪಾಲಿಸಿ ರೀಸೆಟ್. ಕೊನೇದನ್ನ ಆನ್ ಮಾಡಿ ಕ್ಲೀನ್ ಮಾಡಿದ್ಮೇಲೆ ಆ "ಆರ್ಗನೈಸೇಶನ್" ಲೈನ್ ಮಾಯ. ಹಾಗಂತ ಎಲ್ಲದನ್ನೂ ಸುಮ್ನೆ ಆನ್ ಮಾಡ್ಬೇಡಿ, ಆಫೀಸ್ ಲ್ಯಾಪ್‌ಟಾಪಲ್ಲಂತೂ ಮುಟ್ಟಲೇಬೇಡಿ, ಅಲ್ಲಿ ಪ್ರಾಕ್ಸಿ ಪಾಲಿಸಿ ಎಲ್ಲ ಬೇಕಂತಲೇ ಹಾಕಿರ್ತಾರೆ.

ಇನ್ನೊಂದು ಹುಷಾರಾಗಿ ನೋಡ್ಬೇಕಾದ್ದು ಪ್ರೀಇನ್‌ಸ್ಟಾಲ್ಡ್ ಸಾಫ್ಟ್‌ವೇರ್ ಅಂತ ಬರೋ ಬೇರೆ ಪಟ್ಟಿ. ಅದು ಕಂಪ್ಯೂಟರ್ ಮಾಡಿದ ಕಂಪನಿಯವ್ರೇ ತುಂಬಿ ಕಳ್ಸಿರೋದು, ಆಡ್‌ವೇರಲ್ಲ, ಅದರಲ್ಲಿ ಕೆಲಸಕ್ಕೆ ಬರೋ ಟೂಲೂ ಇರಬಹುದು, ಹೆಸರು ಓದಿ ಆಮೇಲೆ ಟಿಕ್ ಮಾಡಿ. ಹಾಗಂತ ಫ್ಯಾಕ್ಟರಿಯಿಂದ ಬಂದಿದ್ದೆಲ್ಲ ಸಾಚಾ ಅಂತಾನೂ ಅಲ್ಲ, 2014-15ರಲ್ಲಿ ಲೆನೊವೋ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಅಂತ ಒಂದು ಆಡ್‌ವೇರು ಬಾಕ್ಸಿಂದ್ಲೇ ಬರ್ತಿತ್ತು, ತನ್ನದೇ ಸರ್ಟಿಫಿಕೇಟ್ ಕೂರಿಸಿ ಬೀಗದ ಗುರುತಿರೋ ಪೇಜುಗಳೊಳಗೂ ಜಾಹೀರಾತು ತೂರಿಸ್ತಿತ್ತು, ಅಮೆರಿಕದಲ್ಲಿ ಅದು ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ತನಕ ಹೋಗಿ 2017ರಲ್ಲಿ ಸೆಟಲ್ ಆಯ್ತು.

ಈ ಟೂಲಿನ ಮಿತಿನೂ ಹೇಳ್ಬೇಕು. ಇದು ಕಾವಲುಗಾರ ಅಲ್ಲ, ಕಸಬರಿಕೆ. ನೀವು ಓಡ್ಸಿದಾಗ ಗುಡಿಸುತ್ತೆ, ಓಡಿಸಿಲ್ಲ ಅಂದ್ರೆ ಸುಮ್ನಿರುತ್ತೆ. ಫೈಲ್ ಲಾಕ್ ಮಾಡೋ ರಾನ್ಸಮ್‌ವೇರಿಗೆ, ಪಾಸ್‌ವರ್ಡ್ ಕದಿಯೋ ಟ್ರೋಜನ್ನಿಗೆ ಇದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಅದಕ್ಕೇ ನಾನು ಇದಾದ್ಮೇಲೆ ವಿಂಡೋಸ್ ಜೊತೆಗೇ ಬರೋ ಡಿಫೆಂಡರಲ್ಲಿ ಆಫ್‌ಲೈನ್ ಸ್ಕ್ಯಾನೂ ಹಾಕ್ದೆ, ಅದು ರೀಸ್ಟಾರ್ಟ್ ಆಗಿ ವಿಂಡೋಸ್ ಏಳೋ ಮುಂಚೇನೆ ಹುಡುಕುತ್ತೆ, ಸುಮಾರು ಹದಿನೈದು ನಿಮಿಷ. ಏನೂ ಸಿಗ್ಲಿಲ್ಲ. ಟೂಲಲ್ಲಿ ಕನ್ನಡ ಇಲ್ಲ, ಅಪ್ಪನಂಥವ್ರು ಒಬ್ರೇ ಕೂತು ಪಟ್ಟಿ ನೋಡಿ ನಿರ್ಧಾರ ಮಾಡೋದು ಕಷ್ಟಾನೇ.

ಖುಷಿಯಾಗಿ ವಾಪಸ್ ಬಂದೆ. ಮಂಗಳವಾರ ಮತ್ತೆ ಫೋನು, "ಅದೇ ಸರ್ಚು ಬಂದ್ಬಿಡ್ತಲ್ಲೋ." ನನಗೆ ಮುಖಭಂಗ. ತಲೆ ಕೆಡಿಸ್ಕೊಂಡು ಕೊನೆಗೆ ಗೊತ್ತಾಗಿದ್ದು, ಅಪ್ಪನ ಗೂಗಲ್ ಅಕೌಂಟು ತುಮಕೂರಲ್ಲಿರೋ ಅಕ್ಕನ ಲ್ಯಾಪ್‌ಟಾಪಲ್ಲೂ ಲಾಗಿನ್ ಆಗಿದೆ, ಸಿಂಕ್ ಆನ್ ಇದೆ, ಇಲ್ಲಿ ತೆಗ್ದ ಎಕ್ಸ್‌ಟೆನ್ಶನ್ನು ಅಲ್ಲಿಂದ ವಾಪಸ್ ಬರ್ತಿದೆ. ಸಿಂಕ್ ಅಂದ್ರೆ ಒಳ್ಳೇದು ಕೆಟ್ಟದ್ದು ಎರಡನ್ನೂ ಹಂಚುತ್ತೆ. ಎರಡೂ ಕಡೆ ಸಿಂಕ್ ಆಫ್ ಮಾಡಿಸಿ, ಅಕ್ಕನ ಕೈಲೂ ಆಡ್‌ಡಬ್ಲ್ಯು ಕ್ಲೀನರ್ ಓಡಿಸಿ, ಎಕ್ಸ್‌ಟೆನ್ಶನ್ ಪಟ್ಟಿ ಎರಡರಲ್ಲೂ ಖಾಲಿ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಸಿಂಕ್ ಆನ್ ಮಾಡಿದ್ವಿ. ಆವತ್ತಿಂದ ಬಂದಿಲ್ಲ. "ಕ್ಲೀನ್ ಮಾಡಿದ್ರೂ ಮತ್ತೆ ಬರುತ್ತೆ, ಟೂಲ್ ವೇಸ್ಟು" ಅನ್ನೋರು ಇದನ್ನೊಂದ್ಸಲ ನೋಡಿ. ಕೆಟ್ಟ ಎಕ್ಸ್‌ಟೆನ್ಶನ್ನು ನೀವು ನೋಡೋ ಪೇಜನ್ನೆಲ್ಲ ಓದಬಹುದು, ಅದಕ್ಕೇ ಅಪ್ಪನ ಜಿಮೇಲ್, ಬ್ಯಾಂಕ್ ಪಾಸ್‌ವರ್ಡನ್ನ ಅವ್ರ ಫೋನಿಂದ ಬದಲಾಯಿಸಿದ್ವಿ.

ಮತ್ತೆ ಬರ್ದೇ ಇರೋಕೆ ಮಾಡಿದ್ದು ಇಷ್ಟು. ಅಪ್ಪನಿಗೆ ಸ್ಟ್ಯಾಂಡರ್ಡ್ ಯೂಸರ್ ಅಕೌಂಟ್, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ರ. ಈಗ ಸಿಸ್ಟಮ್ಮಿಗೆ ಏನಾದ್ರೂ ಹಾಕ್ಬೇಕಾದ್ರೆ ಪಾಸ್‌ವರ್ಡ್ ಕೇಳುತ್ತೆ, ಅವ್ರು ನನಗೆ ಫೋನ್ ಮಾಡ್ತಾರೆ ("ನನ್ನ ಕಂಪ್ಯೂಟರಿಗೆ ನಾನೇ ಪರ್ಮಿಷನ್ ಕೇಳ್ಬೇಕಾ" ಅಂತ ಎರಡು ದಿನ ಮುನಿಸು). ವಿಂಡೋಸ್ ಸೆಕ್ಯುರಿಟಿಯಲ್ಲಿ ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ಪೊಟೆನ್ಷಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್ ಅಂತ ಇದೆ, ಅದು ಆಫ್ ಆಗಿತ್ತು, ಆನ್ ಮಾಡ್ದೆ, ಆಡ್‌ವೇರಿಗೆ ಅಂತಲೇ ಇರೋದು ಅದು. ಜಾಹೀರಾತು ತಡೆಯೋಕೆ ಫೈರ್‌ಫಾಕ್ಸ್ ಹಾಕಿ ಯುಬ್ಲಾಕ್ ಒರಿಜಿನ್ ಸೇರಿಸ್ದೆ, ಕ್ರೋಮಲ್ಲಿ ಈಗ ಅದರ ಲೈಟ್ ಅನ್ನೋ ಚಿಕ್ಕ ರೂಪ ಮಾತ್ರ ನಡಿಯೋದು. ಆ ಹಸಿರು ಬಟನ್‌ಗಳಲ್ಲಿ ಬಹಳಷ್ಟು ಜಾಹೀರಾತೇ ಆಗಿರೋದ್ರಿಂದ ಅವು ಕಣ್ಣಿಗೇ ಬೀಳ್ದಂಗೆ ಮಾಡೋದು ಅರ್ಧ ಸೆಕ್ಯುರಿಟಿ. ವಿಂಡೋಸ್ 10ಗೆ 14 ಅಕ್ಟೋಬರ್ 2025ಕ್ಕೆ ಸಪೋರ್ಟ್ ಮುಗಿದಿದೆ, ಈ ಮಷೀನಿಗೆ 11 ಹತ್ತಲ್ಲ, ಅದಕ್ಕೆ ಅಪ್‌ಡೇಟ್ ಪೇಜಲ್ಲಿ ಇಎಸ್‌ಯು (ಸಪೋರ್ಟ್ ಮುಗಿದ್ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಮೈಕ್ರೋಸಾಫ್ಟಿನ ಯೋಜನೆ) ಅಂತ ಬರೋದಕ್ಕೆ ಸೇರಿಸಿದೀನಿ, 13 ಅಕ್ಟೋಬರ್ 2026ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ.

ಒಂದ್ಸಲ ಪೂರ್ತಿ ಸ್ಕ್ರೀನ್ ತುಂಬ ಸೈರನ್ ಹೊಡೀತಾ "ಮೈಕ್ರೋಸಾಫ್ಟ್‌ಗೆ ಈ ನಂಬರಿಗೆ ಫೋನ್ ಮಾಡಿ" ಅಂತಾನೂ ಬಂದಿತ್ತಂತೆ, ಅಪ್ಪ ನಂಬರ್ ಬರ್ಕೊಂಡೂ ಇಟ್ಟಿದ್ರು, ಸದ್ಯ ಅವತ್ತು ಕರೆನ್ಸಿ ಇರ್ಲಿಲ್ಲ. ಮೈಕ್ರೋಸಾಫ್ಟಿನ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಫುಲ್‌ಸ್ಕ್ರೀನ್ ಹೋಗುತ್ತೆ, ಆಮೇಲೆ ಬ್ರೌಸರ್ ಮುಚ್ಚಿ, ಆಗ್ಲಿಲ್ಲ ಅಂದ್ರೆ ಟಾಸ್ಕ್ ಮ್ಯಾನೇಜರಿಂದ ಮುಚ್ಚಿ. ಫೋನ್ ಮಾಡಿ ದುಡ್ಡು ಕಳ್ಕೊಂಡಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಟ್ ಮಾಡಿದ್ದು ಕನ್ನಡ ಇಲ್ಲ ಅಂತ. ವಿಂಡೋಸಿಗೆ ಮಾತ್ರ ಇರೋದು, ಮ್ಯಾಕ್ ಇರೋರಿಗೆ ಇದು ಬರಲ್ಲ.